ಸಲಹೆ ಸ್ವೀಕರಿಸಲಾಗಿದೆ, ಸಿನಿಮಾ ಹಾಗೇ ಇದೆ

ಹಾವೇರಿ ಜಿಲ್ಲೆಯಲ್ಲಿ ಈವರೆಗೆ ಯಾವ ವಿದ್ಯಾರ್ಥಿಯೂ ಕೆಟ್ಟ ಸಿನಿಮಾ ಮಾಡಿಲ್ಲ. ಹಾವೇರಿಯಲ್ಲಿ ಮಾಡಿದ್ದು ‘ಸೂಪರ್’. ರಾಣೆಬೆನ್ನೂರಿನಲ್ಲಿ ಮಾಡಿದ್ದು ‘ಬೆಂಕಿ’. ಬ್ಯಾಡಗಿಯಲ್ಲಿ ಮಾಡಿದ್ದು ‘ನೆಕ್ಸ್ಟ್ ಲೆವೆಲ್’. ಮೂರು ಊರಿಗೆ ಮೂರು ಪದ ಹಂಚಿಕೆಯಾಗಿವೆ. ವಿಮರ್ಶೆ ಅಲ್ಲಿಗೆ ಮುಗಿಯಿತು.

ಸಿನಿಮಾ ಪಾಠ ಇಟ್ಟುಕೊಂಡ ಕಾಲೇಜಿನಲ್ಲಿ ಒಂದು ಅಸೈನ್‌ಮೆಂಟ್ ಇರುತ್ತದೆ. ಸಿನಿಮಾದ ಆರಂಭ ಮಾಡಬೇಕು. ಬರೀ ಆರಂಭ, ಎರಡು ನಿಮಿಷ. ತರಗತಿಯಲ್ಲಿ ತೋರಿಸಬೇಕು. ಸಹಪಾಠಿಗಳು ಏನೆಂದರು ಎಂದು ಬರೆದುಕೊಳ್ಳಬೇಕು. ಆ ಮಾತು ಕೇಳಿ ಏನು ಬದಲಿಸಿದಿರಿ ಎಂದು ವರದಿ ಕೊಡಬೇಕು. ಇಂಗ್ಲೆಂಡಿನಲ್ಲಿ ನಮ್ಮ ಪಿಯುಸಿ ವಯಸ್ಸಿನ ಮಕ್ಕಳು ಮಾಧ್ಯಮ ಪಾಠದಲ್ಲಿ ಇಂಥದ್ದನ್ನು ಮಾಡುತ್ತಾ ಬಂದಿದ್ದಾರೆ. ಒಳ್ಳೆಯ ಕೆಲಸ. ನಾವೂ ಆಮದು ಮಾಡಿಕೊಂಡೆವು. ಮಾಲನ್ನು ಅಲ್ಲೇ ಬಿಟ್ಟು ಪೆಟ್ಟಿಗೆ ಮಾತ್ರ ತಂದೆವು.

ಆ ಎರಡು ನಿಮಿಷದಲ್ಲಿ ಏನಿರುತ್ತದೆ? ನೋಡದೆಯೂ ಹೇಳಬಲ್ಲೆ. ನೀವೂ ಹೇಳಬಲ್ಲಿರಿ.

ಮೊದಲು ಗಣಪತಿ. ಆಮೇಲೆ ಊರ ದೇವರು. ಅದರ ಹಿಂದೆ ಅಪ್ಪು ಫೋಟೊ, ಕೆಳಗೆ ‘ನಿಮ್ಮ ಆಶೀರ್ವಾದ ಸದಾ ಇರಲಿ’. ಆಮೇಲೆ ಕೃತಜ್ಞತೆಗಳು. ಪ್ರಾಚಾರ್ಯರಿಗೆ. ವಿಭಾಗದ ಮುಖ್ಯಸ್ಥರಿಗೆ. ಡ್ರೋನ್ ಕೊಟ್ಟ ಮದುವೆ ಫೋಟೊಗ್ರಾಫರ್‌ಗೆ. ಮಿರ್ಚಿ ಮಂಡಕ್ಕಿ ಕೊಟ್ಟ ಅಂಗಡಿಗೆ. ಶಾಸಕರಿಗೆ. ಮಾಜಿ ಶಾಸಕರಿಗೂ. ಮುಂದಿನ ಚುನಾವಣೆ ಯಾವ ಕಡೆ ಹೊರಳುತ್ತದೋ ಯಾರು ಬಲ್ಲರು. ಹುಡುಗರು ನಿರ್ದೇಶನ ಕಲಿಯದಿದ್ದರೂ ಲೋಕಜ್ಞಾನ ಕಲಿತಿದ್ದಾರೆ.

ನಂತರ ಧೂಮಪಾನದ ಎಚ್ಚರಿಕೆ. ಚಿತ್ರದಲ್ಲಿ ಒಬ್ಬನೂ ಬೀಡಿ ಸೇದುವುದಿಲ್ಲ. ಇರಲಿ, ದೊಡ್ಡ ಸಿನಿಮಾದಲ್ಲಿ ಇರುತ್ತದಲ್ಲ. ಅದರ ಬೆನ್ನಿಗೆ ‘ಈ ಚಿತ್ರದಲ್ಲಿ ಯಾವುದೇ ಪ್ರಾಣಿಗೆ ಹಿಂಸೆ ಮಾಡಿಲ್ಲ’ ಎಂಬ ಪ್ರಮಾಣಪತ್ರ. ಮರುಕ್ಷಣ ಪರದೆಯ ತುಂಬ ಕೊಬ್ಬರಿ ಹೋರಿ. ಮೈಮೇಲೆ ಬಲೂನು, ಕೊರಳಲ್ಲಿ ಕೊಬ್ಬರಿ ಸರ, ಎರಡೂ ಕಡೆ ಕೂಗುವ ಜನ, ಮೇಲೆ ಬೀಳುವವರು ನಾಲ್ಕು ಮಂದಿ. ಎಲ್ಲವೂ ಸ್ಲೋ ಮೋಷನ್‌ನಲ್ಲಿ. ಪ್ರಮಾಣಪತ್ರಕ್ಕೆ ಹೋರಿಯ ಸಹಿ ಯಾರು ತಂದರೋ.

ಹೋರಿ ಓಡಿ ಮುಗಿಯಿತು. ಅದಕ್ಕೂ ಕತೆಗೂ ಸಂಬಂಧವಿಲ್ಲ. ಡ್ರೋನ್ ಸಿಕ್ಕಿದ್ದು ಒಂದೇ ದಿನ. ಆ ದಿನ ಊರಲ್ಲಿ ಹೋರಿ ಹಬ್ಬವಿತ್ತು. ಅಷ್ಟೆ.

ಕತೆ ಶುರುವಾಗುವುದು ಅಲಾರಂನಿಂದ. ಗಡಿಯಾರ ಬಡಿದುಕೊಳ್ಳುತ್ತದೆ. ಹೊದಿಕೆಯೊಳಗಿಂದ ಕೈಯೊಂದು ಬಂದು ಅದರ ತಲೆ ಕುಟ್ಟುತ್ತದೆ. ನಾಯಕ ಏಳುತ್ತಾನೆ. ಹಲ್ಲುಜ್ಜುತ್ತಾನೆ. ಕನ್ನಡಿ ನೋಡಿಕೊಳ್ಳುತ್ತಾನೆ. ಸಿನಿಮಾ ಕಲಿಸುವ ಮೇಷ್ಟ್ರುಗಳು ಲೋಕದ ಎಲ್ಲ ಕಡೆ ‘ಇದೊಂದು ಬೇಡ’ ಎಂದು ಅಂಗಲಾಚುವ ಆರಂಭ ಇದು. ಇನ್ನೊಂದು ಸಂಗತಿ. ರಾಣೆಬೆನ್ನೂರಿನ ಯಾವ ಹುಡುಗ ಈಗ ಗಂಟೆ ಗಡಿಯಾರ ಇಟ್ಟುಕೊಂಡು ಏಳುತ್ತಾನೆ? ಫೋನಿನಲ್ಲಿ ಏಳುತ್ತಾನೆ, ಇಲ್ಲವೇ ಅವ್ವನ ಬೈಗುಳದಲ್ಲಿ ಏಳುತ್ತಾನೆ. ಗಡಿಯಾರವನ್ನು ಸಿನಿಮಾಕ್ಕೆಂದೇ ಕೊಂಡು ತಂದಿದ್ದಾರೆ. ಸುಳ್ಳಿಗೂ ಬಜೆಟ್ ಇದೆ.

ಮನೆಯಲ್ಲಿ ‘ಹೋಗಿ ಬರ್ತೀನಬೇ ಯವ್ವಾ’ ಎನ್ನುವವನು ಪರದೆ ಮೇಲೆ ‘ಅಮ್ಮಾ, ನಾನು ಹೊರಡ್ತಾ ಇದ್ದೀನಿ’ ಎನ್ನುತ್ತಾನೆ. ಅಮ್ಮನ ಪಾತ್ರ ಮಾಡಿದಾಕೆ ಅವನ ಸ್ವಂತ ಅವ್ವ. ಇದು ಯಾರ ಮಗ ಎಂಬಂತೆ ಆಕೆ ಒಂದು ಕ್ಷಣ ಅವನ ಮುಖ ನೋಡುತ್ತಾಳೆ. ಇಡೀ ಚಿತ್ರದಲ್ಲಿ ನಿಜವಾದದ್ದು ಆ ನೋಟ ಒಂದೇ. ಅದನ್ನು ಎಡಿಟಿಂಗ್‌ನಲ್ಲಿ ಅರ್ಧಕ್ಕೆ ಕತ್ತರಿಸಿದ್ದಾರೆ. ಕೃತಜ್ಞತೆಗೆ ಜಾಗ ಬೇಕಿತ್ತು.

ದೀಪ ಹತ್ತುತ್ತದೆ. ಚಪ್ಪಾಳೆ. ‘ಮಗಾ, ಬೆಂಕಿ!’

ಏನು ಚೆನ್ನಾಗಿತ್ತು ಎಂದು ಕೇಳಿ ನೋಡಿ. ‘ಎಲ್ಲಾ ಚೊಲೊ ಐತ್ರಿ ಸರ.’ ಅದರಲ್ಲಿ ಯಾವುದು? ‘ಕ್ಯಾಮೆರಾ ವರ್ಕ್ ರೀ.’ ಕ್ಯಾಮೆರಾದಲ್ಲಿ ಏನು? ‘ಕ್ಲಾರಿಟಿ ಭಾಳ ಐತ್ರಿ.’ ಫೋನ್ ಮಾಡಿದ ಕಂಪನಿಗೆ ಸಲ್ಲಬೇಕಾದ ಹೊಗಳಿಕೆ ನಿರ್ದೇಶಕನ ಜೇಬಿಗೆ ಬೀಳುತ್ತದೆ. ಅವನು ತಲೆ ಬಾಗಿಸಿ ಸ್ವೀಕರಿಸುತ್ತಾನೆ.

ಇವರು ದಡ್ಡರಲ್ಲ. ಇದೇ ಹುಡುಗರು ಹೊಸ ಸಿನಿಮಾ ಬಂದರೆ ಇಂಟರ್‌ವಲ್‌ನಲ್ಲೇ ನಾಯಕನ ವಂಶ ಜಾಲಾಡುತ್ತಾರೆ. ಕೋಟಿ ಸುರಿದು ಮಾಡಿದ ಸಿನಿಮಾದಲ್ಲಿ ವಿಗ್ ಸರಿದದ್ದು ಇವರಿಗೆ ಕಾಣುತ್ತದೆ. ಗೆಳೆಯನ ಸಿನಿಮಾದಲ್ಲಿ ಕ್ಯಾಮೆರಾ ಹಿಡಿದವನ ನೆರಳು ಗೋಡೆ ಮೇಲೆ ನಡೆದು ಹೋದರೂ ಕಾಣುವುದಿಲ್ಲ. ಕಾರಣ ಸರಳ. ನಾಳೆ ತೋರಿಸುವುದು ಇವರ ಸಿನಿಮಾ. ಇವತ್ತಿನ ಚಪ್ಪಾಳೆ ನಾಳೆಗೆ ಮುಯ್ಯಿ.

ಆದರೂ ಎಲ್ಲ ತರಗತಿಯಲ್ಲೂ ಒಬ್ಬಳು ಇರುತ್ತಾಳೆ. ಹಿಂದಿನ ಬೆಂಚು. ಕೈ ಎತ್ತುತ್ತಾಳೆ. ‘ಹೆಸರು ಭಾಳ ಹೊತ್ತು ಬಂದ್ವು ರೀ. ಹೋರಿ ಯಾಕ ಬಂತು ತಿಳೀಲಿಲ್ಲ. ಅವ್ವ ಬಂದಾಗ ಮುಂದೇನು ಅಂತ ನೋಡ್ಬೇಕು ಅನಿಸ್ತು.’

ಮೂರು ವಾಕ್ಯ. ಇಷ್ಟರಲ್ಲಿ ಎಲ್ಲವೂ ಇದೆ. ಎಲ್ಲಿ ಬೇಸರವಾಯಿತು, ಎಲ್ಲಿ ಗೊಂದಲವಾಯಿತು, ಎಲ್ಲಿ ಕಣ್ಣು ನಿಂತಿತು. ದುಡ್ಡು ಕೊಟ್ಟರೂ ಇದಕ್ಕಿಂತ ಹೆಚ್ಚಿನದು ಸಿಗುವುದಿಲ್ಲ. ಇವಳಿಗೆ ಚಹಾ ಕುಡಿಸಬೇಕು.

ಕುಡಿಸುವುದು ಬೇರೆ. ‘ನೀ ಒಂದು ಮಾಡಿ ತೋರಸು ನೋಡೋಣು.’ ಇದು ಮೊದಲ ಉತ್ತರ. ಈ ನ್ಯಾಯದ ಪ್ರಕಾರ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನಲು ನೀವು ಖಾನಾವಳಿ ಇಡಬೇಕು. ಎರಡನೆಯದು, ‘ಹೋರಿ ಸಿಂಬಾಲಿಕ್ ಐತಿ.’ ಯಾವುದರ ಸಂಕೇತ? ಯುವಶಕ್ತಿಯದಂತೆ. ಹಾಗಾದರೆ ಬಲೂನು? ಅದಕ್ಕೆ ಉತ್ತರ ಬರುವುದಿಲ್ಲ. ‘ಹುಡುಗ್ಯಾರಿಗೆ ಹೋರಿ ಅಂದ್ರ ಏನು ತಿಳೀತೈತಿ’ ಎಂಬ ಪಿಸುಮಾತು ಮಾತ್ರ ಬರುತ್ತದೆ. ಆ ಹೋರಿಗೆ ದಿನವೂ ಮೇವು ಹಾಕಿ, ಸಗಣಿ ಬಳಿದು, ಮೈ ತೊಳೆದವರು ಯಾರೆಂದು ಮನೆಗೆ ಹೋಗಿ ಕೇಳಬಹುದಿತ್ತು. ಕೇಳುವುದಿಲ್ಲ. ಕೊನೆಯದು ಎಲ್ಲಕ್ಕೂ ಸಲ್ಲುವ ಉತ್ತರ: ‘ಬಜೆಟ್ ಇರಲಿಲ್ರಿ.’ ಕೃತಜ್ಞತೆಯ ಕಾರ್ಡ್ ಕಡಿಮೆ ಮಾಡಲು ಎಷ್ಟು ಬಜೆಟ್ ಬೇಕು ಸ್ವಾಮಿ?

ಸಂಜೆ ಆಕೆಯನ್ನು ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆಯುತ್ತಾರೆ. ಅದೇ ಸಂಜೆ ವರದಿ ಬರೆಯುತ್ತಾರೆ: ‘ಸಹಪಾಠಿಗಳ ಅಮೂಲ್ಯ ಸಲಹೆಗಳನ್ನು ಗೌರವಪೂರ್ವಕವಾಗಿ ಸ್ವೀಕರಿಸಿ ಸೂಕ್ತ ಬದಲಾವಣೆಗಳನ್ನು ಮಾಡಲಾಗಿದೆ.’ ಸುಳ್ಳು ಎನ್ನುವಂತಿಲ್ಲ. ಬದಲಾವಣೆ ಆಗಿದೆ. ಕೃತಜ್ಞತೆಯ ಪಟ್ಟಿಗೆ ‘ವಿಶೇಷ ಸಲಹೆ’ ಎಂದು ಆಕೆಯ ಹೆಸರು ಸೇರಿದೆ. ಕಾರ್ಡ್ ಉದ್ದವಾಯಿತು ಎಂದವಳಿಗಾಗಿ ಕಾರ್ಡ್ ಇನ್ನೂ ನಾಲ್ಕು ಸೆಕೆಂಡ್ ಉದ್ದವಾಗಿದೆ.

ಹುಡುಗರನ್ನು ಬೈದು ಏನು ಫಲ. ಅವರು ಇದನ್ನು ಕಲಿತದ್ದು ನಮ್ಮಿಂದ.

ಕಾಲೇಜನ್ನೇ ನೋಡಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಾನದಂಡಗಳಲ್ಲಿ 1.4 ಎಂಬ ಒಂದು ಕಲಮು ಇದೆ. ಫೀಡ್‌ಬ್ಯಾಕ್ ವ್ಯವಸ್ಥೆ. ವಿದ್ಯಾರ್ಥಿ, ಶಿಕ್ಷಕ, ಉದ್ಯೋಗದಾತ, ಹಳೆಯ ವಿದ್ಯಾರ್ಥಿ, ಎಲ್ಲರ ಅಭಿಪ್ರಾಯ ಪಡೆಯಬೇಕು, ವಿಶ್ಲೇಷಿಸಬೇಕು, ಕ್ರಮ ಕೈಗೊಳ್ಳಬೇಕು, ಅದನ್ನು ಜಾಲತಾಣಕ್ಕೆ ಹಾಕಬೇಕು. ಎಷ್ಟು ಚೆಂದದ ಆಶಯ. ನಡೆಯುವುದೇನು? ಸಮಿತಿ ಬರುವ ಹಿಂದಿನ ವಾರ ಒಬ್ಬ ಗುಮಾಸ್ತ, ಇಬ್ಬರು ವಿದ್ಯಾರ್ಥಿಗಳು, ಮೂರು ಬಣ್ಣದ ಪೆನ್ನು. ‘ಗ್ರಂಥಾಲಯ: ಅತ್ಯುತ್ತಮ.’ ಗ್ರಂಥಾಲಯದ ಬೀಗದ ಕೈ ಯಾರ ಹತ್ತಿರ ಇದೆಯೆಂದು ಫಾರಂ ತುಂಬಿದವನಿಗೆ ಗೊತ್ತಿಲ್ಲ. ಒಬ್ಬನೇ ಕೂತು ಎಡಗೈಯಲ್ಲಿ ಐವತ್ತು, ಬಲಗೈಯಲ್ಲಿ ಐವತ್ತು ಬರೆಯುತ್ತಾನೆ. ಈ ಹುಡುಗನೇ ನಾಳೆ ತನ್ನ ಸಿನಿಮಾದ ಅಭಿಪ್ರಾಯ ಪತ್ರಗಳನ್ನೂ ಬರೆಯುತ್ತಾನೆ. ತರಬೇತಿ ಪಡೆದ ಕೈ.

ದೊಡ್ಡವರದ್ದೂ ಹಾಗೇ. 2023ರಲ್ಲಿ ಹಾವೇರಿಗೆ ಒಂದು ವಿಶ್ವವಿದ್ಯಾಲಯ ಕೊಟ್ಟರು. 2025ರಲ್ಲಿ ಸಂಪುಟ ಉಪಸಮಿತಿಯೊಂದು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎತ್ತಿತು. ಹಾವೇರಿಯದೂ ಪಟ್ಟಿಯಲ್ಲಿತ್ತು. ಕೊಡುವ ಮೊದಲೂ ವಿದ್ಯಾರ್ಥಿಗಳನ್ನು ಕೇಳಲಿಲ್ಲ, ಮುಚ್ಚುವ ಮಾತೆತ್ತುವ ಮೊದಲೂ ಕೇಳಲಿಲ್ಲ. ಫೀಡ್‌ಬ್ಯಾಕ್ ಫಾರಂ ಮಾತ್ರ ಪ್ರತಿ ಸೆಮಿಸ್ಟರ್ ತುಂಬಿಸುತ್ತಾರೆ.

86ನೇ ಸಾಹಿತ್ಯ ಸಮ್ಮೇಳನ 2023ರ ಜನವರಿಯಲ್ಲಿ ನಮ್ಮ ಹಾವೇರಿಯಲ್ಲೇ ನಡೆಯಿತು. ಮುಸ್ಲಿಂ ಲೇಖಕರನ್ನು ಕಡೆಗಣಿಸಿದ್ದೀರಿ ಎಂಬ ಟೀಕೆ ಎದ್ದಿತು. ಟೀಕಿಸಿದವರು ಅದೇ ಜನವರಿ 8ರಂದು ಬೆಂಗಳೂರಿನಲ್ಲಿ ಬೇರೆಯೇ ಜನಸಾಹಿತ್ಯ ಸಮ್ಮೇಳನ ನಡೆಸಿದರು. ಟೀಕೆ ಬೆಂಗಳೂರಿನಲ್ಲಿ, ಏಲಕ್ಕಿ ಹಾರ ಹಾವೇರಿಯಲ್ಲಿ. ಸಾಹಿತಿಗಳೇ ಹೀಗೆ ವಾಟ್ಸ್‌ಆ್ಯಪ್ ಗುಂಪು ಒಡೆದುಕೊಂಡರೆ ಹತ್ತೊಂಬತ್ತರ ಹುಡುಗನಿಗೆ ಯಾವ ಬಾಯಲ್ಲಿ ಬುದ್ಧಿ ಹೇಳುವುದು?

ಇನ್ನು ನಮ್ಮ ಹೆಮ್ಮೆ. ಸರ್ವಜ್ಞ ನಮ್ಮ ಹಿರೇಕೆರೂರು ಸೀಮೆಯವನು. ಚಂಪಾ ನಮ್ಮ ಹತ್ತಿಮತ್ತೂರಿನವರು. ಪಾಟೀಲ ಪುಟ್ಟಪ್ಪ ನಮ್ಮ ಕುರಬಗೊಂಡದಲ್ಲಿ ಹುಟ್ಟಿದವರು. ಮೂವರೂ ಎದುರಿದ್ದವರ ಮುಖ ನೋಡಿ ಮಾತು ಮೆತ್ತಗೆ ಮಾಡಿದವರಲ್ಲ. ಮೂವರ ಹೆಸರೂ ಎಲ್ಲ ಸಮಾರಂಭದ ಸ್ವಾಗತ ಭಾಷಣದಲ್ಲಿ ಬರುತ್ತದೆ. ಅದಾದ ಮೇಲೆ ಒಬ್ಬರೂ ಒಂದು ಕಟುಮಾತು ಆಡುವಂತಿಲ್ಲ. ಖಾರದ ಮಂದಿಗೆ ಹಾರ ಹಾಕಿ, ನಾವು ಸಕ್ಕರೆ ಹಂಚುತ್ತೇವೆ.

ಕಿರುಚಿತ್ರ ಪ್ರದರ್ಶನಕ್ಕೂ ಮುಖ್ಯ ಅತಿಥಿ ಇರುತ್ತಾರೆ. ಅವರು ಚಿತ್ರ ನೋಡಿರುವುದಿಲ್ಲ. ಚಿತ್ರ ಶುರುವಾಗುವ ಮೊದಲೇ ಮಾತಾಡಿ ಹೊರಡಬೇಕು, ಇನ್ನೊಂದು ಕಾರ್ಯಕ್ರಮ ಇದೆ. ‘ಇಂದಿನ ಯುವಕರು ನಾಳಿನ ಪುಟ್ಟಣ್ಣ ಕಣಗಾಲ್’ ಎನ್ನುತ್ತಾರೆ. ದೇವರಗುಡ್ಡದ ಕಾರ್ಣಿಕವಾದರೂ ಒಂದೇ ಸಾಲಿನದು, ಗೊರವಯ್ಯ ಬಿಲ್ಲು ಏರಿ ಭವಿಷ್ಯ ನುಡಿದು ಕೆಳಗೆ ಬೀಳುತ್ತಾನೆ. ಇವರದು ನಲವತ್ತು ನಿಮಿಷ. ಅಷ್ಟರಲ್ಲಿ ಎರಡು ನಿಮಿಷದ ಚಿತ್ರವನ್ನು ಇಪ್ಪತ್ತು ಸಲ ನೋಡಬಹುದಿತ್ತು.

ಚಿತ್ರರಂಗದ ದೊಡ್ಡ ಮನೆಯವರು? ಟಿಕೆಟ್ ಆ್ಯಪಿನಲ್ಲಿ ಪ್ರೇಕ್ಷಕರ ಅಂಕ, ಅಭಿಪ್ರಾಯ ಯಾರಿಗೂ ಕಾಣಬಾರದೆಂದು ಕೋರ್ಟ್ ಆದೇಶ ತರುವಷ್ಟು ಮುಂದೆ ಹೋಗಿದ್ದಾರೆ. ಅದೇ ದಿನ ಥಿಯೇಟರ್ ಹೊರಗೆ ಮೈಕ್ ಹಿಡಿದು ‘ಹೇಗಿತ್ತು ಸಿನಿಮಾ?’ ಎಂದು ಕೇಳಿಸುತ್ತಾರೆ. ಪೂರ್ತಿ ಫ್ಯಾಮಿಲಿ ನೋಡಬಹುದು, ಪೈಸಾ ವಸೂಲ್, ಜೈ ಬಾಸ್. ಹೊಗಳಿದರೆ ಪ್ರೇಕ್ಷಕ ಪ್ರಭು, ತೆಗಳಿದರೆ ಪಿತೂರಿ.

ಈಗ ಬ್ಯಾಡಗಿಗೆ ಬನ್ನಿ.

ಸೋಮವಾರವೋ ಗುರುವಾರವೋ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗಿ ನಿಲ್ಲಿ. ಚೀಲಗಳ ಬಾಯಿ ಬಿಚ್ಚಿರುತ್ತದೆ. ಖರೀದಿದಾರ ಬರುತ್ತಾನೆ. ಒಂದು ಹಿಡಿ ಎತ್ತುತ್ತಾನೆ. ಹಿಚುಕಿ ಒದ್ದೆಯೋ ಒಣಗಿದೆಯೋ ನೋಡುತ್ತಾನೆ. ಬಣ್ಣ ನೋಡುತ್ತಾನೆ, ಸಿಪ್ಪೆಯ ಸುಕ್ಕು ನೋಡುತ್ತಾನೆ, ಮುರಿದು ಮೂಸುತ್ತಾನೆ. ಡಬ್ಬಿ ತಳಿಯೋ ಕಡ್ಡಿ ತಳಿಯೋ ಅವನಿಗೆ ಹೇಳಿಕೊಡಬೇಕಾಗಿಲ್ಲ. ಆಮೇಲೆ ಇ-ಟೆಂಡರಿನಲ್ಲಿ ಒಂದು ದರ ಹಾಕುತ್ತಾನೆ. ಮುಗಿಯಿತು. ‘ಸೂಪರ್ ಮಗಾ’ ಎಂದು ಯಾರೂ ಚೀಲದ ಮೇಲೆ ಬರೆಯುವುದಿಲ್ಲ. 2011ರಲ್ಲಿ ಈ ಕಾಯಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದ್ದು ಬಣ್ಣಕ್ಕೆ, ಗುಣಕ್ಕೆ. ಊರಿನವರ ಸ್ಟೇಟಸ್‌ಗಲ್ಲ.

ನಮ್ಮ ನಿರ್ದೇಶಕನ ಅಪ್ಪ ಅಲ್ಲಿ ನಿಂತಿರುತ್ತಾನೆ. ಕಾಯಿ ಒದ್ದೆ ಇದೆ ಎಂದು ದರ ಕಡಿಮೆ ಬಂದರೆ ಅವನಿಗೂ ಸಂಕಟವಾಗುತ್ತದೆ. ಬೈಯುತ್ತಾನೆ. ಆದರೆ ‘ನೀ ಬೆಳೆದು ತೋರಸು’ ಎನ್ನುವುದಿಲ್ಲ. ‘ಇದು ಸಿಂಬಾಲಿಕ್ ಒದ್ದೆ’ ಎನ್ನುವುದಿಲ್ಲ. ಮುಂದಿನ ಸಲ ಇನ್ನೂ ಎರಡು ದಿನ ಕಣದಲ್ಲಿ ಒಣಗಿಸಿ ತರುತ್ತಾನೆ. ಟೀಕೆಗೆ ಉತ್ತರ ಕೊಡುವುದು ಎಂದರೆ ಹೀಗೆ. ಮಗ ಅದನ್ನು ಕಲಿಯಲು ಕಾಲೇಜಿಗೆ ಹೋಗಿದ್ದಾನೆ.

ಹೌದು, 2024ರ ಮಾರ್ಚ್ 11ರಂದು ಇದೇ ಮಾರುಕಟ್ಟೆಯಲ್ಲಿ ದರ ಕುಸಿಯಿತೆಂದು ರೈತರು ಸಿಡಿದೆದ್ದರು. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ಅದನ್ನು ಸರಿ ಎನ್ನುತ್ತಿಲ್ಲ. ಅಲ್ಲಿ ವರ್ಷದ ದುಡಿಮೆ ಕಣ್ಣೆದುರು ಕರಗಿತ್ತು. ಇಲ್ಲಿ ಕರಗುವುದು ಏನು? ಒಂದು ಡ್ರೋನ್ ಶಾಟ್.

ಹೋಗಲಿ, ಆ ಮಾರುಕಟ್ಟೆಯೇ ಎಂಥ ಸಿನಿಮಾ. ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡು ತೊಟ್ಟು ಬಿಡಿಸುವ ಹೆಂಗಸರು ಸಾಲಾಗಿ ಕೂತಿರುತ್ತಾರೆ. ಕಪ್ಪು ಪರದೆ ಇಡಿ. ಒಂದು ಸೀನು ಕೇಳಿಸಲಿ. ಇನ್ನೊಂದು ಸೀನು. ಮೂರನೆಯದಕ್ಕೆ ಕೆಂಪು ರಾಶಿ ತೋರಿಸಿ. ಖರ್ಚು ಸೊನ್ನೆ, ಡ್ರೋನ್ ಬೇಡ, ಶಾಸಕರೂ ಬೇಡ. ರಾಣೆಬೆನ್ನೂರಿನ ಸುತ್ತ ಬೀಜ ಕಂಪನಿಗಳಿಗಾಗಿ ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳಿದ್ದಾರೆ. ಹಾವೇರಿಯಲ್ಲಿ 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆದ ನೆನಪಿದೆ. ಇಷ್ಟೆಲ್ಲ ಇದ್ದೂ ನಾವು ಅಲಾರಂ ಗಡಿಯಾರ ಕೊಂಡು ತರುತ್ತೇವೆ.

‘ತಿಥಿ’ ನೆನಪಿದೆಯೇ? ಮಂಡ್ಯದ ನೊದೆಕೊಪ್ಪಲಿನಲ್ಲಿ ಊರವರನ್ನೇ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ಚಿತ್ರ. ಮುದುಕನೊಬ್ಬ ಬೀದಿ ಬದಿ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ. ಸ್ವಲ್ಪ ಹೊತ್ತಿಗೆ ಬಿದ್ದು ಸಾಯುತ್ತಾನೆ. ಅಷ್ಟೇ ಆರಂಭ. ಊರು, ಭಾಷೆ, ಕತೆ ಎಲ್ಲವೂ ಅದರಲ್ಲಿ ಬಂತು. 2015ರಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಮಂಡ್ಯದ ಮಾತನ್ನು ತಿದ್ದಿ ‘ಹೊರಡ್ತಾ ಇದ್ದೀನಿ’ ಮಾಡಿದ್ದರೆ ಅದು ಮಂಡ್ಯವನ್ನೂ ದಾಟುತ್ತಿರಲಿಲ್ಲ.

ಇಷ್ಟು ಹೇಳಿದರೆ ಹುಡುಗರ ಕೈಯಲ್ಲಿ ಒಂದು ಬ್ರಹ್ಮಾಸ್ತ್ರ ಇದೆ. ‘ಕಾನ್‌ನಾಗ ಗೆದ್ದಾವ್ರೂ ಯಾರ ಮಾತೂ ಕೇಳಲಿಲ್ರಿ ಸರ.’

ಅರ್ಧ ನಿಜ. 2024ರ ಮೇ ತಿಂಗಳಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಕನ್ನಡದ ಕಿರುಚಿತ್ರ, ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಮಾಡಿದವರು ಮೈಸೂರಿನ ಚಿದಾನಂದ ನಾಯ್ಕ. ವೈದ್ಯಕೀಯ ಓದಿದವರು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಟೆಲಿವಿಷನ್ ವಿಭಾಗದಲ್ಲಿ ಒಂದು ವರ್ಷದ ಕೋರ್ಸಿನ ಕೊನೆಗೆ ಮಾಡಿದ ಚಿತ್ರ. ಮುದುಕಿಯೊಬ್ಬಳು ಊರಿನ ಹುಂಜ ಕದ್ದೊಯ್ದು ಸೂರ್ಯನೇ ಹುಟ್ಟದಂತಾಗುವ ನಮ್ಮ ಜನಪದ ಕತೆ. ಸಿಕ್ಕಿದ್ದು ನಾಲ್ಕು ದಿನ. ಈ ಚಿತ್ರ ಮಾಡಬೇಡ ಎಂದು ತನಗೆ ಹೇಳಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಅವರು ಮಾಡಿದರು.

ಹೌದಪ್ಪ, ಮಾತು ಮೀರುವುದೂ ಒಂದು ಉತ್ತರವೇ. ಆದರೆ ಮೀರಬೇಕಾದರೆ ಮೊದಲು ಕೇಳಿಸಿಕೊಂಡಿರಬೇಕು. ಬಾಲ್ಯದಿಂದ ತಲೆಯಲ್ಲಿ ಹೊತ್ತು ತಿರುಗಿದ ಕತೆಗಾಗಿ ಅವರು ಮೀರಿದರು. ನೀನು ಮೀರುತ್ತಿರುವುದು ಮಿರ್ಚಿ ಮಂಡಕ್ಕಿ ಅಂಗಡಿಯ ಕೃತಜ್ಞತಾ ಕಾರ್ಡಿಗಾಗಿ. ಇನ್ನೊಂದು, ಆ ಬಹುಮಾನದ ಸುದ್ದಿ ಬಂದ ದಿನ ನಮ್ಮ ಎಲ್ಲ ಗುಂಪಿನಲ್ಲೂ ‘ಕನ್ನಡದ ಹೆಮ್ಮೆ’ ಹರಿದಾಡಿತು. ಹದಿನಾರು ನಿಮಿಷದ ಆ ಚಿತ್ರವನ್ನು ನೋಡಿದವರು ಕೈ ಎತ್ತಿ ಎಂದರೆ ಬರುವ ಕೈಗಳನ್ನು ಎಣಿಸಲು ಬೆರಳು ಹೆಚ್ಚು ಬೇಕಾಗುವುದಿಲ್ಲ.

ಟೀಕೆಯನ್ನು ಕೇಳುವುದು, ಅದಕ್ಕೆ ಶರಣಾಗುವುದು ಬೇರೆ ಬೇರೆ. ಅಮೆರಿಕದ ಪಿಕ್ಸಾರ್ ಸ್ಟುಡಿಯೊದಲ್ಲಿ ನಿರ್ದೇಶಕರು ತಮ್ಮ ಅರೆಬೆಂದ ಚಿತ್ರವನ್ನು ಸಹೋದ್ಯೋಗಿ ನಿರ್ದೇಶಕರಿಗೆ ತೋರಿಸುತ್ತಾರೆ. ಅವರು ತೂತುಗಳನ್ನು ತೋರಿಸುತ್ತಾರೆ. ಹೀಗೇ ಮಾಡು ಎಂದು ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ. ಮುಚ್ಚುವುದು ಹೇಗೆಂದು ನಿರ್ದೇಶಕನೇ ಯೋಚಿಸಬೇಕು. ‘ಟಾಯ್ ಸ್ಟೋರಿ 2’ ಬಿಡುಗಡೆಗೆ ಒಂಬತ್ತು ತಿಂಗಳಷ್ಟೇ ಇರುವಾಗ ಕತೆಯನ್ನು ಮತ್ತೆ ಕಟ್ಟಿದರು. ‘ಅಪೊಕ್ಯಾಲಿಪ್ಸ್ ನೌ’ ಸಂಕಲನಕಾರರಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ಇನ್ನೂ ಸೂಕ್ಷ್ಮವಾದದ್ದನ್ನು ಹೇಳಿದ್ದಾರೆ. ಪ್ರೇಕ್ಷಕ ಇಂಥ ದೃಶ್ಯ ಸರಿಯಿಲ್ಲ ಎಂದಾಗ ನೋವು ನಿಜ, ಜಾಗ ಮಾತ್ರ ಬೇರೆ ಇರಬಹುದು. ಮೊಣಕೈ ನೋಯುತ್ತದೆ ಎನ್ನುತ್ತಾನೆ, ಹಿಡಿದಿರುವುದು ಭುಜ. ಹಿಂದಿನ ಬೆಂಚಿನವಳು ಹೋರಿ ತಿಳಿಯಲಿಲ್ಲ ಎಂದಳು. ಹೋರಿಯನ್ನು ಕಿತ್ತೆಸೆಯಲೇಬೇಕೆಂದಿಲ್ಲ. ಆ ಹೋರಿ ಇವನ ಮನೆಯದು, ಮಾರಿ ಕಾಲೇಜಿನ ಫೀಸು ಕಟ್ಟಿದ್ದಾರೆ ಎಂದಾದರೆ? ಅವ್ವನ ನೋಟಕ್ಕೆ ಆಗ ಬೇರೆಯೇ ತೂಕ. ಇಷ್ಟು ಯೋಚಿಸಲು ಒಂದು ರಾತ್ರಿ ಸಾಕು. ಆ ರಾತ್ರಿ ಹುಡುಗರು ವರದಿ ಬರೆಯುತ್ತಿದ್ದರು.

ಪರದೇಶದ ಮಾತು ಬೇಡವೇ, ಇಲ್ಲಿಯದೇ ತೆಗೆದುಕೊಳ್ಳಿ. ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ, ಬೆಳಿಗ್ಗೆ ಅದರ ಮೇಲೆ ಚರ್ಚೆ. ಹಳ್ಳಿಯ ಮೇಷ್ಟ್ರೂ ಎದ್ದು ನಿಂತು ಕೇಳಬಹುದು. ಪಕ್ಕದ ಧಾರವಾಡದ ಗಿರೀಶ ಕಾರ್ನಾಡರು 1974–75ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ನಟನೆಯ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಮುಂದೆ ನಿಂತು ಕೂಗಿದವರಲ್ಲಿ ಒಬ್ಬ ನಾಸಿರುದ್ದೀನ್ ಷಾ. ಶ್ಯಾಮ್ ಬೆನಗಲ್ ಹೊಸ ನಟನನ್ನು ಹುಡುಕುವಾಗ ಕಾರ್ನಾಡರು ಯಾರ ಹೆಸರು ಹೇಳಿದರು? ಅದೇ ಹುಡುಗನದು. 1975ರಲ್ಲಿ ‘ನಿಶಾಂತ್’ ಬಂತು. ನಮ್ಮ ಕಡೆ ಆಗಿದ್ದರೆ ಹಾಲ್ ಟಿಕೆಟ್ ತಡೆಹಿಡಿಯುತ್ತಿದ್ದರು.

ಮೇಷ್ಟ್ರುಗಳೇ, ಒಂದು ಕೆಲಸ ಮಾಡಿ. ಮುಂದಿನ ವರ್ಷ ಆ ವರದಿ ಕೇಳಬೇಡಿ. ಚಿತ್ರವನ್ನು ಎರಡು ಸಲ ತೋರಿಸಲು ಹೇಳಿ, ತಿದ್ದುವ ಮುಂಚಿನದು ಮತ್ತು ತಿದ್ದಿದ ಮೇಲಿನದು. ಎರಡೂ ಒಂದೇ ಇದ್ದರೆ ಅಂಕ ಸೊನ್ನೆ. ಕೃತಜ್ಞತೆಯನ್ನು ಕೊನೆಗೆ ಹಾಕಲಿ. ಶಾಸಕರು ಅಲ್ಲಿಯವರೆಗೆ ಕೂತು ನೋಡಲಿ.

ಓದುಗರೇ, ನಿಮ್ಮದೂ ಪಾಲಿದೆ. ಅಕ್ಕನ ಮಗನೋ ಪಕ್ಕದ ಮನೆಯ ಹುಡುಗಿಯೋ ಲಿಂಕ್ ಕಳಿಸುತ್ತಾರೆ. ನೀವು ತೆರೆಯದೆಯೇ ಬೆಂಕಿಯ ಚಿತ್ರ ಮೂರು ಒತ್ತಿ ಕಳಿಸುತ್ತೀರಿ. ಇನ್ನು ಮುಂದೆ ತೆರೆಯಿರಿ. ಎಷ್ಟನೇ ಸೆಕೆಂಡಿಗೆ ನಿಲ್ಲಿಸಬೇಕೆನಿಸಿತೋ ಅದನ್ನು ಬರೆದು ಕಳಿಸಿ. ಹುಡುಗ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ದೀಪಾವಳಿ ಹೊತ್ತಿಗೆ ಮಾತಾಡಿಸುತ್ತಾನೆ.